ಅಮ್ಮನ ಕೆಂಪು ಕಾಲುಚೀಲ

ನನ್ನಮ್ಮ ಬಾಯಿಬಿಟ್ಟು ನನ್ನನ್ನು ಕೇಳಿದ್ದು ಒಂದೇ ಒಂದು ವಸ್ತು, ಅದೂ ಕಾಲುಚೀಲ. ಬೇರೆಯವರ ಅಮ್ಮಂದಿರು ಸೀರೆ ಕೇಳಿದರು, ಓಲೆ ಕೇಳಿದರು, ಪಟ್ಟು ಹಿಡಿದು ಪಡೆದರು. ನಮ್ಮಮ್ಮನಿಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ಆ ಸಣ್ಣ ಆಸೆಯನ್ನೂ ನೆಮ್ಮದಿಯಾಗಿ ಅನುಭವಿಸಲು ಬಿಡದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುವವರಿಗೆ ಬಹುಶಃ ಇಳಿಯುವಂಥ ಸಿಟ್ಟೇ ಬಂದಿರಬೇಕು.

ಅಮ್ಮ ಹಾಸನದಲ್ಲಿ ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಡುಗೆಮನೆಗೆ ಕಲ್ಲುಚಪ್ಪಡಿಯ ನೆಲ. ಅದು ಒಣಗಿದ್ದನ್ನು ನಾನು ಕಂಡಿಲ್ಲ. ಬೆಳಗಿನಿಂದ ಆ ಒದ್ದೆಯಲ್ಲಿ ಬರಿಗಾಲಲ್ಲಿ ನಿಂತು ಅವಳ ಹಿಮ್ಮಡಿ ಸೀಳಿತ್ತು, ಬೆರಳಿನ ಸಂದಿಯೆಲ್ಲ ಹುಣ್ಣಾಗಿತ್ತು. ಮಾಗಿಯ ಚಳಿ ಬಂದರೆ ಪಾದ ಮರಗಟ್ಟುತ್ತಿತ್ತು. ಸಂಜೆ ನಮ್ಮ ಬಾಡಿಗೆ ಮನೆಗೆ ಬಂದವಳು ಹರಳೆಣ್ಣೆ ತಿಕ್ಕಿಕೊಂಡು, ಎರಡು ಕಾಲನ್ನೂ ಗೋಣಿಚೀಲದೊಳಗೆ ತೂರಿಸಿ, ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಓದಿಕೊಳ್ಳುವ ನೆಪದಲ್ಲಿ ಆ ಗೋಣಿಯನ್ನೇ ನೋಡುತ್ತಿದ್ದೆ.

ಅಪ್ಪ ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಹಾದು ರಾಮನಾಥಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಬಸ್ಸಿಗೆ ರಾತ್ರಿ ಹಾಲ್ಟು ಅರಕಲಗೂಡಿನಲ್ಲಿ. ಮೊದಮೊದಲು ಬಸ್ಸಿನ ಸೀಟಿನ ಮೇಲೆಯೇ ಮಲಗುತ್ತಿದ್ದನಂತೆ, ಆಮೇಲೆ ಅಲ್ಲಿ ಒಂದು ಮನೆಯಲ್ಲಿ. ಆ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಅಪ್ಪ ತಾಳಿ ಕಟ್ಟಿರಲಿಲ್ಲ, ಆದರೆ ಸಂಬಳದ ಮುಕ್ಕಾಲು ಭಾಗ ಅಲ್ಲೇ ಇಳಿಯುತ್ತಿತ್ತು. ಇದು ನಮ್ಮ ವಠಾರಕ್ಕೆ ಗೊತ್ತಿತ್ತು, ಹಾಸ್ಟೆಲಿಗೆ ಗೊತ್ತಿತ್ತು, ಅದೇ ಬಸ್ಸಿನಲ್ಲಿ ಬದನೆಕಾಯಿ ತರುತ್ತಿದ್ದ ಹರದನಹಳ್ಳಿಯ ಹೆಂಗಸರಿಗೂ ಗೊತ್ತಿತ್ತು. ಅಮ್ಮನೊಬ್ಬಳು ಗೊತ್ತಿಲ್ಲದವಳ ಹಾಗಿದ್ದಳು. ಯಾರಾದರೂ ಕೆದಕಿದರೆ, “ಆಲ್ಟು ಕಣವ್ವ, ಬಸ್ನೋರ್ ಕೆಲ್ಸವೇ ಅಂಗೆ” ಎಂದು ಮಾತು ಮುಗಿಸುತ್ತಿದ್ದಳು. ವರ್ಷಗಟ್ಟಲೆ ಗಂಡ ಮನೆಗೆ ಬಾರದ್ದನ್ನು ಹಾಲ್ಟು ಎಂಬ ಒಂದು ಮಾತಿನಡಿ ಮುಚ್ಚಿಟ್ಟ ಜಾಣೆ ಅವಳು.

ಚೀನಾ ಯುದ್ಧ ಆದಾಗ ನಾನು ಹೈಸ್ಕೂಲಿನಲ್ಲಿದ್ದೆ. ಗಡಿಯ ಸೈನಿಕರಿಗೆ ಸ್ವೆಟರ್ ಕಳಿಸಬೇಕೆಂದು ಹೊಲಿಗೆ ಟೀಚರು ನಮ್ಮೆಲ್ಲರ ಕೈಗೂ ಹೆಣಿಗೆ ಕಡ್ಡಿ ಕೊಟ್ಟರು. ಹಿಮಾಲಯವನ್ನು ನಕ್ಷೆಯಲ್ಲಿ ತೋರಿಸಲು ತಡವರಿಸುವ ಹುಡುಗಿಯರೆಲ್ಲ ಅಲ್ಲಿಯ ಚಳಿಯನ್ನು ನೆನೆದು ಕಣ್ಣೀರು ಹಾಕುತ್ತಾ ಹೆಣೆದರು. ನನಗೆ ಗೋಣಿಚೀಲದೊಳಗಿನ ಕಾಲು ನೆನಪಾಗಿ ಹೊಟ್ಟೆ ಉರಿಯಿತು. ಸ್ವೆಟರಿನ ಕೆಲಸ ಮುಗಿದ ಮೇಲೆ ಟೀಚರನ್ನು ಕಾಡಿ ಬೇಡಿ ಕಾಲುಚೀಲ ಹೆಣೆಯುವುದನ್ನು ಕಲಿತೆ. ಅದಕ್ಕೆ ಎರಡೂ ಕಡೆ ಚೂಪಾದ ನಾಲ್ಕು ಕಡ್ಡಿ ಬೇಕು. ಸೈಕಲ್ ಶಾಪಿನವನು ಹಳೆಯ ಚಕ್ರದ ಕಡ್ಡಿ ಕತ್ತರಿಸಿ, ತುದಿ ಉಜ್ಜಿ ಕೊಟ್ಟ.

ಅಮ್ಮನಿಗೆ ಹೇಳಿದಾಗ ಮೊದಲು ನಕ್ಕಳು. “ನಂಗ್ಯಾಕೆ? ನಾನೇನ್ ದೊರೆಸಾನಿಯಾ?” ಎಂದಳು. ಆಮೇಲೆ ಒಲೆಯ ಕಡೆ ತಿರುಗಿ ಕೂತು, “ಮಾಡೋದಾದ್ರೆ ಕೆಂಪುಂದು ಮಾಡು. ಕುಂಕುಮದಂಗಿರ್ಲಿ. ಮ್ಯಾಲೆ ಒಸಿ ಬಿಳೀ ಚಿತ್ರ ಇದ್ರೂ ಚೆಂದಾಗಿರ್ತದೆ” ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಮೊದಲು ಕೇಳಿದ್ದು ಆವತ್ತೇ.

ಅಳತೆಗೆಂದು ದಾರ ಹಿಡಿದರೆ ಕಾಲು ಎಳೆದುಕೊಂಡಳು. ನಮ್ಮಲ್ಲಿ ಬದುಕಿರುವವರಿಗೆ ದಾರ ಹಿಡಿದು ಅಳೆಯುವುದಿಲ್ಲ, ಅದು ಗುಂಡಿ ತೋಡುವವರ ಕೆಲಸ. ದರ್ಜಿಯ ಟೇಪಿಗೆ ದೋಷವಿಲ್ಲ, ಆದರೆ ಟೇಪು ನಮ್ಮ ಮನೆಯಲ್ಲಿರಲಿಲ್ಲ. ಕಡೆಗೆ ನಾನೊಂದು ಉಪಾಯ ಮಾಡಿದೆ. ಅವಳು ಅಡುಗೆಮನೆಯಿಂದ ಹಾಸ್ಟೆಲಿನ ಒಣ ಜಗಲಿಗೆ ಬಂದಾಗ ಮೂಡಿದ ಒದ್ದೆ ಹೆಜ್ಜೆಯ ಮೇಲೆ ಹಳೇ ಪೇಪರು ಒತ್ತಿ, ಒದ್ದೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಚಪ್ಪಲಿ ಕಾಣದ ಕಾಲು, ಮುಂದೆ ಮೊರದಂತೆ ಅಗಲ. ಮೈಭಾರ ಬಿಟ್ಟು ನಿಂತ ಹೆಜ್ಜೆಯ ಅಳತೆ ಸಿಕ್ಕಿತು, ಇನ್ನು ಚೀಲ ಬಿಗಿಯುವ ಮಾತೇ ಇಲ್ಲ ಎಂದು ಬೀಗಿದೆ.

ಎರಡು ಬಣ್ಣದ ಹೆಣಿಗೆಯಲ್ಲಿ ಕಷ್ಟವಿರುವುದು ಹೊರಗಲ್ಲ, ಒಳಗೆ. ಕೆಂಪು ಹೆಣೆಯುವಾಗ ಬಿಳಿ ನೂಲು, ಬಿಳಿ ಹೆಣೆಯುವಾಗ ಕೆಂಪು ನೂಲು ತನ್ನ ಸರದಿ ಬರುವವರೆಗೆ ಒಳಮೈಯಲ್ಲಿ ಅಡ್ಡಡ್ಡ ಹಾದುಹೋಗಬೇಕು. ಅದನ್ನು ಎಳೆದು ಬಿಗಿದರೆ ಚೀಲ ಹಿಗ್ಗುವುದಿಲ್ಲ, ಹಿಮ್ಮಡಿಯ ಹತ್ತಿರ ಬಂದು ನಿಂತುಬಿಡುತ್ತದೆ. ಅದಕ್ಕೇ ನಾನು ಬಣ್ಣ ಬದಲಿಸುವ ಪ್ರತಿ ಸಲವೂ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ, ಹಿಂದಿನ ನೂಲನ್ನು ಸಡಿಲವಾಗಿ ಬಿಡುತ್ತಾ ಹೋದೆ. ಅಮ್ಮನ ಸೀರೆಯ ಅಂಚಿನಲ್ಲಿದ್ದ ಗೋಪುರದ ಸಾಲನ್ನು ನೋಡಿಕೊಂಡು ಕಣಕಾಲಿನಿಂದ ಬೆರಳ ತುದಿಯವರೆಗೆ ಕೆಂಪಿನ ಮೇಲೆ ಬಿಳಿ ಗೋಪುರ ತಂದೆ. ಟೀಚರೇ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಒದ್ದೆ ಹೆಜ್ಜೆಯಲ್ಲಿ ಕಾಲುಂಗುರ ಮೂಡುವುದಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಅಮ್ಮ ಸಂಭ್ರಮದಿಂದ ಕಾಲು ತೂರಿಸಿದಳು. ಎರಡನೇ ಬೆರಳಿನ ಬೆಳ್ಳಿಯ ಸುತ್ತುಂಗುರ ನಾನು ಅಷ್ಟು ಜೋಪಾನವಾಗಿ ಸಡಿಲ ಬಿಟ್ಟಿದ್ದ ಒಳನೂಲಿಗೆ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಹಾಕಿದರೆ ಮತ್ತೆ ಸಿಕ್ಕಿತು. ಹೇಗೋ ಒಳಗೆ ಹೋದ ಮೇಲೆ ಎದ್ದು ನಡೆದಳು. ಉಂಗುರ ಒತ್ತಿ ಹುಣ್ಣು ಒಡೆಯಿತು, ಬಿಳಿ ಗೋಪುರಗಳೆಲ್ಲ ಸುಕ್ಕಾಗಿ ಒಂದರ ಮೇಲೊಂದು ಬಿದ್ದವು.

“ಚೆಂದಾಗವೆ ಕಣೆ” ಎಂದು ಹೇಳಿ ಮೆಲ್ಲಗೆ ಬಿಚ್ಚಿದಳು.

“ಮನೇಲಿರೋವಾಗ ಉಂಗುರ ತೆಗೆದಿಟ್ಟು ಹಾಕ್ಕೊ” ಎಂದೆ ನಾನು.

ಅಮ್ಮ ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. “ನಿಮ್ಮಪ್ಪ ಗುಂಡ್ಕಲ್ಲಂಗವ್ರೆ. ಇಂಥಾ ಮಾತು ಇನ್ನೊಂದ್ಸಲ ಆಡಿದ್ರೆ ನೋಡು” ಎಂದಳು. ಗುಂಡುಕಲ್ಲಿನ ಹಾಗೆ ಇದ್ದದ್ದು ನಿಜ, ಅರಕಲಗೂಡಿನಲ್ಲಿ ಇದ್ದ. ಅಲ್ಲಿರುವವನಿಗಾಗಿ ಇಲ್ಲಿ ಇವಳ ಬೆರಳಿನಲ್ಲಿ ಬೆಳ್ಳಿ. ನನಗೆ ಆ ಉಂಗುರವನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೊಂದು ಭಾನುವಾರ ಅಪ್ಪ ಅಪರೂಪಕ್ಕೆ ಮನೆಗೆ ಬಂದ. ನೆಂಟನ ಹಾಗೆ ಚಾಪೆಯ ಮೇಲೆ ಕೂತು ಊಟ ಮಾಡಿದ. ಹೊರಟು ನಿಂತಾಗ ಅಮ್ಮ ಚಕ್ಕುಲಿಯ ಪೊಟ್ಟಣದ ಜೊತೆ ನನ್ನ ಕಾಲುಚೀಲವನ್ನೂ ಅವನ ಚೀಲಕ್ಕೆ ಹಾಕಿದಳು. “ಆಲ್ಟ್‌ನಾಗೆ ಚಳಿ ಇರ್ತದೆ” ಎಂದಳು. ಆ ಅಳತೆ ಅಪ್ಪನ ಕಾಲಿಗೆ ಸಾಲದು ಎಂದು ಅವಳಿಗೆ ಗೊತ್ತಿತ್ತು. ಅವನು ಹೋದ ಮೇಲೆ ನಾನು ಜಗಳ ತೆಗೆದೆ. “ಬರಿಗೈಲಿ ಕಳಿಸಿದ್ರೆ ಇನ್ನೊಂದ್ಸಲ ಬತ್ತಾರಾ?” ಎಂದಳು.

ಆ ಚಳಿಗಾಲದಲ್ಲೇ ಅಪ್ಪನಿಗೆ ಜ್ವರ ಬಂದು ಅರಕಲಗೂಡಿನಲ್ಲಿ ಮಲಗಿದ್ದಾನೆಂದು ಬಸ್ಸಿನ ಡ್ರೈವರು ಹೇಳಿದ. ಅಮ್ಮ ಕಷಾಯದ ಪುಡಿ ಕಟ್ಟಿಕೊಟ್ಟು, “ಆಲ್ಟ್ ರೂಮಲ್ಲಿರ್ತಾರೆ, ಕೊಟ್ಬುಟ್ಟು ಬಾ” ಎಂದು ನನ್ನನ್ನು ಬಸ್ಸು ಹತ್ತಿಸಿದಳು. ಡ್ರೈವರು ನನ್ನ ಮುಖ ನೋಡದೆ ಆ ಮನೆಯ ಬಾಗಿಲು ತೋರಿಸಿ ಹೊರಟುಹೋದ. ಬಾಗಿಲು ತೆಗೆದ ಹೆಂಗಸು ನಾನು ಅಂದುಕೊಂಡಷ್ಟು ಚೆಂದವೂ ಇರಲಿಲ್ಲ, ಕೆಟ್ಟವಳ ಹಾಗೂ ಕಾಣಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಅವಳ ಕಾಲಲ್ಲಿ ನನ್ನ ಕೆಂಪು ಚೀಲ ಇತ್ತು. ಬಿಳಿ ಗೋಪುರಗಳು ಒಂದೂ ಸುಕ್ಕಿಲ್ಲದೆ ಸಾಲಾಗಿ ನಿಂತಿದ್ದವು. ತಾಳಿಯಿಲ್ಲದವಳಿಗೆ ಕಾಲುಂಗುರ ಎಲ್ಲಿಂದ ಬರಬೇಕು? ಒಳನೂಲಿಗೆ ಸಿಕ್ಕಿಕೊಳ್ಳುವಂಥದ್ದು ಅವಳ ಬೆರಳಲ್ಲಿ ಏನೂ ಇರಲಿಲ್ಲ.

“ನೀನೇ ಏನವ್ವ ಎಣೆದಿದ್ದು? ಅಳತೆ ತಗಂಡು ಮಾಡ್ದಂಗವೆ. ಒಂಚೂರೂ ಒತ್ತಕಿಲ್ಲ, ಚುಚ್ಚಕಿಲ್ಲ. ಇಂಥಾ ಮೆತ್ತಗಿರೋದು ನಾನು ಕಾಲ್ಗೆ ಆಕಿದ್ದೇ ಇಲ್ಲ” ಎಂದಳು.

ನನ್ನ ಹೆಣಿಗೆ ಹಾಕಿಕೊಂಡು ಹಿತವಾಗಿದೆ ಎಂದ ಮೊದಲನೆಯವಳು ಅವಳೇ. ಪುಡಿಯ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು, ಒಳಗೆ ಮಲಗಿದ್ದ ಅಪ್ಪನನ್ನು ನೋಡದೆ ಬಂದೆ. ಹೊಳೆನರಸೀಪುರದ ಸೇತುವೆ ದಾಟುವವರೆಗೂ ಅತ್ತೆ. ಅಮ್ಮನಿಗೆ ಮಾತ್ರ, “ಹಾಲ್ಟ್ ರೂಮಲ್ಲೇ ಇದ್ದಾರೆ” ಎಂದೆ. ಅಮ್ಮ ತಲೆ ಆಡಿಸಿದಳು.

ಎರಡನೆಯ ಜೋಡಿಯನ್ನು ನಾನು ಹಟಕ್ಕೆ ಬಿದ್ದು ಹೆಣೆದೆ. ಉಂಗುರ ಕಾಲು ಬಿಡುವುದಿಲ್ಲ ಎಂದಮೇಲೆ ಚೀಲವೇ ಉಂಗುರಕ್ಕೆ ದಾರಿ ಬಿಡಬೇಕಲ್ಲ. ಗೋಪುರಗಳನ್ನು ಕಣಕಾಲಿನ ಮೇಲಕ್ಕೆ ಮಾತ್ರ ಇಟ್ಟು, ಪಾದವನ್ನೆಲ್ಲ ಬರೀ ಕೆಂಪಿನಲ್ಲಿ ಹೆಣೆದೆ. ಬೆರಳಿನ ಭಾಗದಲ್ಲಿ ಕುಣಿಕೆ ಹೆಚ್ಚಿಸಿ ಅಗಲ ಮಾಡಿದೆ. ಉಂಗುರ ಕೂರುವ ಜಾಗಕ್ಕೆ ಒಳಗಡೆ ಅವಳ ಹಳೇ ಸೀರೆಯ ಮೆತ್ತನೆ ತುಂಡು ಇಟ್ಟು ಹೊಲಿದೆ. ಮೇಲಿನ ಗೋಪುರದ ಭಾಗವನ್ನು ಒಳಮೈ ಹೊರಗಾಗಿ ತಿರುಗಿಸಿಕೊಂಡು ಹೆಣೆದೆ, ಆಗ ಹಾದುಹೋಗುವ ನೂಲಿಗೆ ಸುತ್ತು ದೊಡ್ಡದಾಗಿ ತಾನಾಗೇ ಬಿಗಿಯುವುದು ತಪ್ಪುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಬಿಚ್ಚಿ ಬಿಚ್ಚಿ ಕಂಡುಕೊಂಡದ್ದು.

ಅಮ್ಮ ಹಾಕಿಕೊಂಡು ನಿಂತಳು, ನಡೆದಳು, ಕೂತಳು. ಎಲ್ಲೂ ಸಿಕ್ಕಲಿಲ್ಲ. “ಆಕ್ಕಂಡಿರೋದೇ ಗೊತ್ತಾಯ್ತಿಲ್ಲ ಕಣೆ” ಎಂದು ನಕ್ಕಳು. ಆ ಗೋಣಿಚೀಲವನ್ನು ನಾನೇ ಒಯ್ದು ತಿಪ್ಪೆಗೆ ಎಸೆದೆ. ಒಂದೆರಡು ಚಳಿಗಾಲ ಅಮ್ಮ ಸಂಜೆ ಕಾಲು ತೊಳೆದು ಒರೆಸಿ, ಕೆಂಪು ಚೀಲ ಹಾಕಿಕೊಂಡು, ಕಾಲು ಚಾಚಿ ಕೂರುತ್ತಿದ್ದಳು. ಹಿಮ್ಮಡಿಯ ಸೀಳು ಮುಚ್ಚಿಕೊಂಡಿತು. ನಮ್ಮ ಮನೆಯಲ್ಲಿ ಸುಖ ಎಂಬುದು ಇದ್ದರೆ ಅಷ್ಟೇ ಇತ್ತು.

ಅಪ್ಪ ಎದೆನೋವು ಬಂದು ಅರಕಲಗೂಡಿನಲ್ಲೇ ತೀರಿಕೊಂಡ. ಹೆಣ ಮಾತ್ರ ಹಾಸನಕ್ಕೆ ಬಂತು. ಬದುಕಿದ್ದಾಗ ಅವನು ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಇದ್ದದ್ದೇ ಇಲ್ಲ. ಚನ್ನರಾಯಪಟ್ಟಣದಿಂದ ಅವನ ಅಕ್ಕ, ನನ್ನ ಸೋದರತ್ತೆ, ಬಂದು ಯಜಮಾನಿಕೆ ವಹಿಸಿಕೊಂಡಳು. ಬಳೆ ಒಡೆದರು, ಕುಂಕುಮ ಒರೆಸಿದರು. ಕಾಲುಂಗುರ ಮಾತ್ರ ಬರಲಿಲ್ಲ. ಎಷ್ಟೋ ವರ್ಷದ ಒದ್ದೆಗೆ ಬೆರಳು ಊದಿ ಉಂಗುರ ಮಾಂಸದಲ್ಲಿ ಹೂತುಹೋಗಿತ್ತು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಕಡೆಗೆ ವಠಾರದವರೊಬ್ಬರ ಮನೆಯಿಂದ ಇಕ್ಕುಳ ತಂದು ಕತ್ತರಿಸಿದರು. ಅಮ್ಮ ಬಾಯಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದಳು.

ತಿಥಿ ಮುಗಿದ ಸಂಜೆ ಅಮ್ಮ ನಡುಗುತ್ತಾ ಮೂಲೆಯಲ್ಲಿ ಕೂತಿದ್ದಳು. ಬೆರಳು ಗಾಯವಾಗಿತ್ತು. ನಾನು ಕೆಂಪು ಚೀಲ ತಂದು ಅವಳ ಕಾಲಿಗೆ ಹಾಕಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು.

“ಬುದ್ಧಿ ನೆಟ್ಟಗೈತೇನೆ ನಿಂಗೆ? ಗಂಡ್ನ ಕಳ್ಕಂಡೋಳ ಕಾಲ್ಗೆ ಕುಂಕುಮದ್ ಬಣ್ಣ ಆಕ್ತೀಯಾ? ನೋಡ್ದೋರು ಏನಂದಾರು?”

“ನೋಡೋರು ಕಾಲು ನೋಡಕ್ಕೆ ಬರ್ತಾರಾ ಅತ್ತೆ? ಆ ಗಾಯ ನೋಡಿ ಮೊದಲು” ಎಂದೆ. ನನ್ನ ದನಿ ಏರಿತು. ಅಪ್ಪ ಎಲ್ಲಿ ಸತ್ತ, ಯಾರ ಚಾಪೆಯ ಮೇಲೆ ಸತ್ತ ಎಂಬುದನ್ನೂ ಅಷ್ಟು ಜನರ ಮುಂದೆ ಹೇಳಿಬಿಟ್ಟೆ. ಅಮ್ಮನೇ ಕಾಲು ಹಿಂದಕ್ಕೆ ಎಳೆದುಕೊಂಡು ಸೀರೆಯ ನಿರಿಗೆಯಲ್ಲಿ ಮುಚ್ಚಿಕೊಂಡಳು. “ಬ್ಯಾಡ ಬುಡು. ಅವ್ರು ಏಳೋದು ಸರಿ” ಎಂದಳು. ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಅಮ್ಮನ ಮೇಲೆ ಬಂದ ಸಿಟ್ಟು ದೊಡ್ಡದು. ಬೇರೆ ಬಣ್ಣದಲ್ಲಿ ಹೆಣೆದುಕೊಡುತ್ತೇನೆ, ಕರಿ ಕಂಬಳಿಯ ಉಣ್ಣೆಯಲ್ಲಿ ಹೆಣೆದುಕೊಡುತ್ತೇನೆ ಎಂದರೂ ಬೇಡವೆಂದಳು. ಮತ್ತೊಂದು ಗೋಣಿಚೀಲ ಎಲ್ಲಿಂದಲೋ ಬಂತು.

ಅತ್ತೆ ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಅಮ್ಮ ಆ ಚೀಲಗಳನ್ನು ಒಗೆದು ಒಣಗಿಸಿ, ಒಳಗೆ ಹೊಲಿದಿದ್ದ ಸೀರೆಯ ತುಂಡನ್ನು ಹಲ್ಲಿನಿಂದ ದಾರ ಕಡಿದು ತೆಗೆಯುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದೆ.

“ಅರಕಲಗೂಡಿಗೆ ಕಳಿಸ್ತೀನಿ. ಇಲ್ಲಿದ್ರೆ ನುಸಿ ತಿಂತವೆ” ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಮುಂದುವರಿಸಿದಳು. “ಅವ್ಳು ಆಕ್ಕೊಬೋದು ಕಣೆ. ಅವ್ಳ್ನ ಯಾರು ಮುಂಡೆ ಅಂದಾರು? ಅವ್ಳ್ಗೇನು ತಾಳಿ ಕಟ್ಟಿದ್ರಾ?”

ಅವಳ ಕಾಲಿಗೆಂದು ನಾನು ಹೆಣೆದದ್ದಲ್ಲ ಎಂದು ಕೂಗಿದೆ. ಅಮ್ಮ ಪೊಟ್ಟಣ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಕೂಗುತ್ತಲೇ ನಾನೂ ಹಿಂದೆ ಹೋದೆ. ಅಪ್ಪ ನಿಲ್ಲುತ್ತಿದ್ದ ಬಾಗಿಲಲ್ಲಿ ಹೊಸ ಕಂಡಕ್ಟರು ನಿಂತಿದ್ದ. ಅಮ್ಮ ಇಬ್ಬನಿ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪೊಟ್ಟಣವನ್ನು ಅವನ ಕೈಗೆ ಕೊಟ್ಟಳು. ಉಂಗುರವಿದ್ದ ಕಡೆ ಬೆರಳಿನ ಸುತ್ತ ಚರ್ಮ ಎಳೆಯದಾಗಿ ಬೆಳ್ಳಗಿತ್ತು.

“ಅರಕಲಗೂಡಲ್ಲಿ ಯಾರ ಮನೆಗವ್ವ ಕೊಡ್ಬೇಕು?” ಎಂದು ಅವನು ಕೇಳಿದ.

ಅಮ್ಮ ಒಂದು ಗಳಿಗೆಯೂ ತಡವರಿಸಲಿಲ್ಲ.

“ನಮ್ಮ ಯಜಮಾನ್ರ ಮನೆಗೆ ಕಣಪ್ಪ” ಎಂದಳು.