ಸೂಜಿ ಡಾಕ್ಟರು ಹೇಳಿದ ಮಾತು

ನಿಮ್ಮ ಅಜ್ಜನನ್ನು ಸೂಜಿ ಡಾಕ್ಟರು ಕೊಲ್ಲಲಿಲ್ಲ, ಮಕ್ಕಳೇ. ಅವರ ಮಾತನ್ನು ತಿರುಚಿ ಹೇಳಿದವಳು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ಹೊಟ್ಟೆಯ ಗಡ್ಡೆ ಕ್ಯಾನ್ಸರ್ ಎಂದಾಗಿ, ಅಜ್ಜನಿಗೆ ದೂರದ ದೊಡ್ಡಾಸ್ಪತ್ರೆಯಲ್ಲಿ ಕಿಮೊ ಔಷಧಿ ಏರಿಸುತ್ತಿದ್ದರು. ಏರಿಸಿಕೊಂಡು ಬಂದರೆ ವಾರಗಟ್ಟಲೆ ವಾಂತಿ. ನೀರೂ ನಿಲ್ಲುತ್ತಿರಲಿಲ್ಲ. ಬೋಗುಣಿ ಹಿಡಿದು ಕೂರುತ್ತಿದ್ದವಳು ನಾನು — ಆ ಸದ್ದು ಈಗಲೂ…

ಯಾರೋ ಹೇಳಿದರೆಂದು ನಮ್ಮೂರು ಗೋವಿನಕೋವಿಯಿಂದ ಬಸ್ಸಿನಲ್ಲಿ ನ್ಯಾಮತಿಗೆ ಕರೆದೊಯ್ದೆ. ಸಂತೆಯ ದಿನ ಅಲ್ಲೊಂದು ಬಾಡಿಗೆ ಕೋಣೆಯಲ್ಲಿ ಒಬ್ಬ ಡಾಕ್ಟರು ಆಕ್ಯುಪಂಕ್ಚರ್ ಮಾಡುತ್ತಿದ್ದರು. ಮುಂಗೈಯ ಒಳಮಗ್ಗುಲಲ್ಲಿ, ಮೊಣಕಾಲ ಕೆಳಗೆ ಕೂದಲೆಳೆಯಂಥ ಸೂಜಿಗಳು. "ನೋಡೇ, ಮುಳ್ಳುಹಂದಿ ಆಗೀನಿ" ಎಂದು ಅಜ್ಜ ನಕ್ಕರು. ಮೂರನೆಯ ಸಲಕ್ಕೆ ವಾಂತಿ ತಗ್ಗಿತು. ಬಸ್ ಸ್ಟ್ಯಾಂಡಿನಲ್ಲಿ ತಾವೇ ಕೇಳಿ ಮಂಡಕ್ಕಿ ತಿಂದರು.

ಅಂದೇ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು: "ಅಮ್ಮಾ, ಸೂಜಿ ವಾಂತಿಗಷ್ಟೇ. ಗಡ್ಡೆಗಲ್ಲ. ದೊಡ್ಡಾಸ್ಪತ್ರೆ ಔಷಧಿ ಮಾತ್ರ ತಪ್ಪಿಸಬ್ಯಾಡ್ರಿ."

ಮನೆಗೆ ಬಂದಾಗ ಭಾವ, ಅಂದರೆ ಅಜ್ಜನ ಅಣ್ಣ, ಪಡಸಾಲೆಯಲ್ಲಿ ಕುಳಿತಿದ್ದರು. ಭಾವನ ಎದುರು ನಾವು ಸೊಸೆಯಂದಿರು ನಿಲ್ಲುವಂತಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ ಉತ್ತರ.

"ಏನಂದ್ರಮ್ಮ ಸೂಜಿ ಡಾಕ್ಟ್ರು? ಮತ್ತೆ ದೊಡ್ಡಾಸ್ಪತ್ರೆಗೆ ಹೋಗಾಕೆ ಬೇಕಂತಾ?"

"ಬ್ಯಾಡಂತೆ. ಸೂಜಿನೇ ಸಾಕಂತೆ."

ಎದುರು ನಿಂತಿದ್ದರೆ ನನ್ನ ಮುಖವೇ ಹೇಳಿಬಿಡುತ್ತಿತ್ತೇನೋ. ಮಂಡಕ್ಕಿ ತಿಂದ ಆ ಬಾಯಿ ಮತ್ತೆ — ಇಲ್ಲ, ಅದು ನೆಪ. ಬೋಗುಣಿ ಹಿಡಿದು ಹಿಡಿದು ನನಗೇ ಸಾಕಾಗಿತ್ತು.

ಐದು ತಿಂಗಳಿಗೆ ಅಜ್ಜ ಹೋದರು. ಔಷಧಿ ಮುಂದುವರಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ — ಅದನ್ನು ತಿಳಿಯುವ ದಾರಿಯನ್ನೇ ನಾನು ಮುಚ್ಚಿದೆ.

ಸುದ್ದಿ ಕೇಳಿ ಡಾಕ್ಟರು ಮನೆಗೆ ಬಂದರು. ಭಾವ ಅಂಗಳದಲ್ಲೇ ಅವರ ಕೊರಳಪಟ್ಟಿ ಹಿಡಿದರು. "ಸೂಜಿನೇ ಸಾಕು ಅಂದು ನನ್ನ ತಮ್ಮನ್ನ ಕೊಂದ್ಯಲ್ಲೋ!"

ಡಾಕ್ಟರು ಬಾಗಿಲ ಕಡೆ ತಿರುಗಿದರು. "ಅಮ್ಮಾ, ನಾ ಏನ್ ಹೇಳಿದ್ದೆ, ನೀವಾದ್ರೂ ಹೇಳ್ರಿ…"

ನಾನು ಬಾಗಿಲ ಮರೆಯಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಮುಂದಿನ ಸಂತೆಯಿಂದ ಆ ಕೋಣೆಗೆ ಬೀಗ.

ಭಾವ ಈಗಿಲ್ಲ. ಡಾಕ್ಟರು ಎಲ್ಲಿಗೆ ಹೋದರೋ — ನಾನು ಯಾರನ್ನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಟ ಮಾಡುವ ಮಕ್ಕಳನ್ನು "ಸೂಜಿ ಡಾಕ್ಟ್ರು ಬರ್ತಾನೆ ನೋಡು" ಎಂದು ಹೆದರಿಸುವ ರೂಢಿ ಬಿದ್ದದ್ದು ಆಗಿನಿಂದ. ನಿಮ್ಮನ್ನೂ ಹಾಗೆಯೇ ಹೆದರಿಸಿ ಉಣಿಸಿದ್ದೇನೆ — ನಾನೇ, ಈ ಬಾಯಿಂದಲೇ.