ಮುಯ್ಯಿಗೆ ಹೋಗದ ಚೈತ್ರ

ಪಕ್ಕದ ಮನೆ ಲಕ್ಕಪ್ಪನ ಮಗಳು ಚೈತ್ರಶ್ರೀ ಎಷ್ಟು ಕೆಲಸಗಾತಿ ಎಂದು ಹೇಳುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವಳು ತಿಂಗಳುಗಟ್ಟಲೆ ಕೆಲಸ ಮುಟ್ಟದೆ ಕೂತಿದ್ದನ್ನು ಹೇಳಲು ಯಾರಿಗೂ ಮನಸ್ಸಿಲ್ಲ. ಅವಳು ಮಾಡಿದ್ದರಲ್ಲೆಲ್ಲ ಅದೇ ಕಷ್ಟದ ಕೆಲಸ ಎಂದು ನನಗೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಪಾಳ್ಯದ ಈ ಕಡೆ ನಾವು ನಾಲ್ಕು ಮನೆಯವರು ಮುಯ್ಯಿ ಆಳಿನಲ್ಲೇ ಬದುಕು ನಡೆಸಿದವರು. ಇವತ್ತು ನಮ್ಮ ಗದ್ದೆ ನಾಟಿಗೆ ಅವರು ಬಂದರೆ ನಾಳೆ ಅವರ ಗದ್ದೆಗೆ ನಾವು. ಕಾಫಿ ಹಣ್ಣು ಬಿಡಿಸುವಾಗಲೂ ಹಾಗೇ. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ, ದಿನಕ್ಕೆ ದಿನ, ಆಳಿಗೆ ಆಳು. ಬರಲಾಗದವರು ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಬೇಕು. ಚೈತ್ರ ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಅವಳ ತಾಯಿ ಮೀನಾಕ್ಷಮ್ಮನಿಗೆ ಜ್ವರ ಬಂತು. ಆ ನಾಲ್ಕು ಮನೆಗಳಲ್ಲೊಂದರ ಈರಮ್ಮನ ತೋಟಕ್ಕೆ ಬದಲಿಯಾಗಿ ಇವಳೇ ಬಂದು ನಿಂತಳು.

ಈರಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡಿದಳು. "ಏನೇ, ನಿನ್ನ ಅರ್ಧ ಆಳು ಅಂತ ಹಿಡ್ಕಳ್ಳಲಾ?"

"ಸಂಜೆ ಚೀಲ ನೋಡ್ಬುಟ್ಟು ಹೇಳು ಈರಜ್ಜಿ."

ಸಂಜೆ ಚೀಲ ನೋಡಿದ ಈರಮ್ಮ ನಮ್ಮೆಲ್ಲರ ಮುಂದೆ, "ಇದು ಆಳಲ್ಲ ಕಣ್ರೇ, ಕಾಡುಹಂದಿ. ನುಗ್ಗಿದ ಸಾಲಲ್ಲಿ ಒಂದು ಹಣ್ಣು ಉಳಿಸಿಲ್ಲ" ಎಂದಳು. ಅದಾದ ಮೇಲೆ ಅವಳನ್ನು ಅರ್ಧ ಆಳು ಎಂದವರಿಲ್ಲ.

ಮುಂದೆ ಒಂದು ಮಳೆಗಾಲ ಲಕ್ಕಪ್ಪನ ತೋಟದ ಮೆಣಸಿನ ಬಳ್ಳಿಗೆ ಸೊರಗು ರೋಗ ತಗುಲಿ ಸಾಲುಸಾಲೇ ಒಣಗಿತು. ಲಕ್ಕಪ್ಪ ಒಣಬಳ್ಳಿ ಎಳೆದು ಹಾಕುತ್ತಿದ್ದರೆ ಚೈತ್ರ ಬೇರು ಅಗೆದು ತೆಗೆದು ಮೂಸಿ ನೋಡುತ್ತಿದ್ದಳು. "ಎಲೆ ಬಾಡೋ ಹೊತ್ತಿಗೆ ಬೇರು ಕೊಳೆತು ಹೋಗಿರ್ತದೆ ದೊಡ್ಡವ್ವ. ಅದಕ್ಕಿಂತ ಮೊದಲೇ ಗೊತ್ತಾಗೋ ದಾರಿ ಇರ್ಬೇಕು" ಎಂದು ನನ್ನ ಹತ್ತಿರ ಹೇಳಿದ್ದಳು. ಅದೇ ಹಟದಲ್ಲಿ ಹಾಸನದಲ್ಲಿ ಕೃಷಿ ಓದಿದಳು. ಅಲ್ಲಿಂದ ಗಿಡದ ರೋಗ ಓದಲು ಅಮೆರಿಕಕ್ಕೆ ಹೋದಳು. ಓದುವಷ್ಟು ದಿನ ಅಲ್ಲಿನ ಯೂನಿವರ್ಸಿಟಿಯವರೇ ಖರ್ಚಿಗೆ ಕೊಟ್ಟರು.

ಓದು ಮುಗಿದ ಮೇಲೆ ಆ ದೇಶದವರು ಹೊರಗಿನಿಂದ ಬಂದು ಓದಿದವರಿಗೆ ಅವರ ಓದಿಗೆ ತಕ್ಕ ಕೆಲಸವನ್ನು ಒಂದು ವರ್ಷ ಮಾಡಲು ಬಿಡುತ್ತಾರಂತೆ. ಚೈತ್ರಳ ಕಣ್ಣಿದ್ದದ್ದು ಆ ವರ್ಷದ ಮೇಲೆ. ರೈತರು ಕಳಿಸುವ ಮಣ್ಣು, ಬೇರು ಪರೀಕ್ಷೆ ಮಾಡುವ ಲ್ಯಾಬಿಗೆ ಸೇರಿ, ಕೈಯಾರೆ ಮಾಡಿ ಕಲಿತು, ನಮ್ಮ ಆಲೂರಿನ ಕಡೆಗೇ ವಾಪಸ್ ಬಂದು ಅದನ್ನೇ ಮಾಡಬೇಕು ಎನ್ನುವುದು ಅವಳ ಲೆಕ್ಕ.

ಅಲ್ಲಿ ಬೆಳಗಾದಾಗ ನಮಗೆ ಸಂಜೆ. ದೀಪ ಹಚ್ಚಿದ ಮೇಲೆ ಮೀನಾಕ್ಷಮ್ಮ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಮಗಳನ್ನು ಕರೆಯುತ್ತಿದ್ದಳು. ನಾನೂ ಬತ್ತಿ ಹೊಸೆಯುತ್ತ ಅಲ್ಲೇ ಕೂರುತ್ತಿದ್ದೆ.

"ಪರೀಕ್ಷೆ ಮುಗೀತಲ್ಲ, ಇನ್ನೇನು, ಕೆಲಸಕ್ಕೆ ಸೇರ್ಕೊ" ಎಂದಳು ಮೀನಾಕ್ಷಮ್ಮ.

"ಕಾರ್ಡ್ ಬರ್ಬೇಕು ಅವ್ವ. ಕೆಲಸ ಮಾಡ್ಬೋದು ಅಂತ ಸರ್ಕಾರದೋರು ಕೊಡೋ ಕಾರ್ಡು. ಅದು ಕೈಗೆ ಸಿಕ್ಕಿ, ಅದ್ರಲ್ಲಿ ಬರೆದಿರೋ ತಾರೀಕು ಬರೋಗಂಟ ಯಾವ ಕೆಲಸನೂ ಮಾಡಂಗಿಲ್ಲ."

"ಯಾವಾಗ ಬತ್ತದೆ?"

"ಒಂದು ತಿಂಗಳೋ, ಮೂರು ತಿಂಗಳೋ. ಬಂದ ಮೇಲೂ ಸಿಕ್ಕಿದ ಕೆಲಸ ಮಾಡಂಗಿಲ್ಲ, ನಾ ಓದಿದ್ದಕ್ಕೆ ಹೊಂದೋದೇ ಆಗ್ಬೇಕು. ಆ ತಾರೀಕಿಂದ ಎಲ್ಲಾ ಸೇರಿ ತೊಂಬತ್ತು ದಿನಕ್ಕಿಂತ ಜಾಸ್ತಿ ಕೆಲಸ ಇಲ್ದೆ ಇದ್ರೆ ಅದೂ ಹೋಯ್ತು. ಗಂಟು ಕಟ್ಕೊಂಡು ವಾಪಸ್ಸು."

ಚೈತ್ರಳ ಅಣ್ಣ ದೇವೇಂದ್ರ ಮಾರನಹಳ್ಳಿ ಹತ್ತಿರದ ಹೋಂಸ್ಟೇಯಲ್ಲಿ ಕೆಲಸಕ್ಕಿದ್ದಾನೆ. ಅವನು ಒಳಗಿನಿಂದಲೇ ಕೂಗಿದ. "ನಾ ಓದಿದ್ದು ಐಟಿಐ ಫಿಟ್ಟರ್ರು, ಮಾಡ್ತಿರೋದು ಮೀನು ಫ್ರೈ. ಆ ರೂಲ್ಸ್ ಇಲ್ಲಿಗೆ ತರಬೇಡ ಮಾರಾಯ್ತಿ, ನನ್ನ ಘಾಟಿ ಇಳಿಸಿ ಓಡಿಸ್ಬುಡ್ತಾರೆ."

ಆ ಸಂಜೆ ಎಲ್ಲರೂ ನಕ್ಕೆವು. ನಗು ನಿಂತದ್ದು ನರ್ಸರಿಯಮ್ಮನ ವಿಷಯದಲ್ಲಿ.

ಚೈತ್ರ ಬಾಡಿಗೆಗಿದ್ದ ಮನೆಯ ಯಜಮಾನಿ ಗಿಡ ಬೆಳೆಸಿ ಮಾರುವವಳು. ಮನೆಯ ಹಿಂದೆಯೇ ಅವಳ ನರ್ಸರಿ. ಅವಳ ಹೆಸರು ನಮ್ಮ ನಾಲಿಗೆಗೆ ಹತ್ತದೆ ನಾವು ನರ್ಸರಿಯಮ್ಮ ಎಂದೇ ಕರೆಯುತ್ತಿದ್ದೆವು. ಹಿಂದಿನ ಚಳಿಗಾಲದಲ್ಲಿ ಚೈತ್ರಳಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವಳು ಆ ಹೆಂಗಸು. ಮನೆಗೆ ಕರೆತಂದು ಗಂಜಿ ಮಾಡಿಕೊಟ್ಟು ತಲೆಯನ್ನೂ ಬಾಚಿದ್ದಳಂತೆ. ಮೀನಾಕ್ಷಮ್ಮ ಅದನ್ನು ಹೇಳುವಾಗಲೆಲ್ಲ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

ಈಗ ಗಿಡ ಮಾರುವ ಕಾಲ ಬಂದಾಗ ಆ ನರ್ಸರಿಯ ಆಳುಗಳು ಬಿಟ್ಟು ಹೋಗಿದ್ದರು. ಚೈತ್ರ ಮಾತಾಡುತ್ತಿದ್ದರೆ ಅವಳ ಹಿಂದಿನ ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು. ಕುಂಡದ ಸಾಲು ತಲೆ ಬಾಗಿಸಿ ನಿಂತಿತ್ತು. ಬಿಳಿಗೂದಲ ಹೆಂಗಸೊಬ್ಬಳು ಬಗ್ಗಿಕೊಂಡು ಪೈಪು ಎಳೆಯುತ್ತಿದ್ದಳು.

"ಅದ್ಯಾರೇ ಹಿಂದೆ, ನರ್ಸರಿಯಮ್ಮನಾ?" ಮೀನಾಕ್ಷಮ್ಮ ಫೋನಿನ ಹತ್ತಿರಕ್ಕೆ ಮುಖ ತಂದಳು. "ಅವರು ಪೈಪು ಎಳೀತಾವ್ರೆ, ನೀನು ಬಾಣಂತಿ ಹಂಗೆ ಕೂತಿದ್ದೀಯ?"

"ನಾ ಹೋಗಂಗಿಲ್ಲ ಅವ್ವ."

"ಗಿಡಕ್ಕೆ ನೀರು ಹುಯ್ಯಕ್ಕೂ ಸರ್ಕಾರದ ಕಾರ್ಡ್ ಬೇಕೇನೇ?"

"ಅದು ಮಾರೋ ಗಿಡ. ಆಳಿಟ್ಟು ಸಂಬಳ ಕೊಟ್ಟು ಮಾಡಿಸೋ ಕೆಲಸ. ದುಡ್ಡು ತಗಳ್ದೆ ಮಾಡಿದ್ರೂ ಅದು ಕೆಲಸನೇ ಅಂತ ಯೂನಿವರ್ಸಿಟಿ ಆಫೀಸಲ್ಲಿ ಕೇಳ್ಕೊಂಡು ಬಂದಿದ್ದೀನಿ. ಮನೆ ಒಳಗೆ ಪಾತ್ರೆ ತೊಳೀತೀನಿ, ರೊಟ್ಟಿ ಮಾಡಿ ಕೊಡ್ತೀನಿ. ಹಿತ್ತಲ ಬಾಗಿಲು ದಾಟಲ್ಲ."

ಜಗಲಿಯಲ್ಲಿ ಕೂತಿದ್ದ ಲಕ್ಕಪ್ಪ ಫೋನಿನ ಕಡೆ ತಿರುಗಿದ. "ಕೂಲಿ ಈಸ್ಕಂಡ್ರೆ ತಾನೇ ಕೆಲಸ. ಇದು ಮುಯ್ಯಿ. ಅವರು ನಿನ್ನ ನೋಡ್ಕಂಡ್ರು, ನೀನು ಅವರ ಗಿಡ ನೋಡ್ಕ" ಎಂದ. ಚೈತ್ರ ಆಗಲ್ಲ ಅಪ್ಪ ಎಂದಳು. ಮಗಳು ಹೀಗಾದಳಲ್ಲ ಎನ್ನುವ ನಾಚಿಕೆ ಅವನ ಮುಖದಲ್ಲಿ ಕಂಡಿತು.

ಅದೇ ವಾರದ ಭಾನುವಾರ ದೇವೇಂದ್ರ ಮನೆಯಲ್ಲಿದ್ದ. ಚೈತ್ರ ಹಾಲು ಉಕ್ಕುತ್ತಿದೆ ಎಂದು ಫೋನು ಬಿಟ್ಟು ಎದ್ದು ಹೋದಳು. ಅಷ್ಟರಲ್ಲಿ ನರ್ಸರಿಯಮ್ಮ ಬಂದು ಫೋನಿನೊಳಗೆ ಇಣುಕಿ ನಮಗೆಲ್ಲ ಕೈ ಮುಗಿದಳು. ಲಕ್ಕಪ್ಪ ಮಗನ ತೋಳು ತಿವಿದ.

"ಹೇಳೋ ಅವರಿಗೆ. ನಾಳಿಂದ ನಮ್ಮ ಹುಡುಗಿ ನಿಮ್ಮ ಗಿಡದ ಕೆಲಸಕ್ಕೆ ಬತ್ತಾಳೆ, ಸಂಬಳ ಏನೂ ಬ್ಯಾಡ ಅಂತ."

"ಅಪ್ಪ, ಅವಳು ಆಗಲ್ಲ ಅಂದವಳೆ."

"ಹೇಳು ಅಂದ್ರೆ ಹೇಳು. ನಾನು ಅವಳಪ್ಪ."

ದೇವೇಂದ್ರ ತನ್ನ ಹೋಂಸ್ಟೇ ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡಳು. ಚೈತ್ರ ಬಂದ ಕೂಡಲೇ ಅವಳ ಬೆನ್ನು ಸವರಿ, ಏನೋ ಹೇಳಿ, ನಗುತ್ತಾ ಹೊರಗೆ ಹೋದಳು. ಚೈತ್ರಳಿಗೆ ತಕ್ಷಣ ಅರ್ಥವಾಯಿತು.

"ಯಾರು ಹೇಳಿದ್ದು?"

ದೇವೇಂದ್ರ ಗೋಡೆ ಕಡೆ ನೋಡಿದ.

"ನಾನು. ಮಾತು ಕೊಟ್ಟಿದ್ದೀನಿ, ಉಳ್ಸು" ಎಂದ ಲಕ್ಕಪ್ಪ.

"ಉಳ್ಸಲ್ಲ ಅಪ್ಪ."

ಆ ಮನೆಯಲ್ಲಿ ಅಂಥ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಅವಳು ದನಿ ಏರಿಸಲಿಲ್ಲ. "ಈರಜ್ಜಿ ಮಗ ಸಿದ್ದು ಮುಯ್ಯಿ ತೀರಿಸಲಿಲ್ಲ ಅಂತ ಹೋದ ಸುಗ್ಗೀಲಿ ನೀನು ಅವನ ಹತ್ರ ಮಾತು ಬಿಟ್ಟಿದ್ದೆ. ಹೌದಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಕೂಲಿ ಇಲ್ಲ ಅಂದ ಮಾತ್ರಕ್ಕೆ ಮುಯ್ಯಿ ಪುಕ್ಕಟೆ ಅಲ್ಲ ಅಂತ ನಿಂಗೂ ಗೊತ್ತು. ದುಡ್ಡಿನ ಬದ್ಲು ದಿನ ಕೊಡ್ತೀವಿ, ಅಷ್ಟೇಯ. ಇಲ್ಲಿ ಸರ್ಕಾರದೋರು ಹೇಳೋದೂ ಅದನ್ನೇ. ನಾನು ಬಂದಿದ್ದು ಈ ಒಂದು ವರ್ಷಕ್ಕೆ ಅಪ್ಪ. ನಾಲ್ಕು ಕುಂಡಕ್ಕೆ ನೀರು ಹುಯ್ದು ಅದನ್ನ ಕಳ್ಕಳ್ಳಲ್ಲ. ಈಗಲೇ ಹೋಗಿ ಅವರಿಗೆ ಹೇಳ್ತೀನಿ."

ಲಕ್ಕಪ್ಪ ಎದ್ದು ಕೊಟ್ಟಿಗೆಗೆ ಹೋದ. ಆಮೇಲೆ ಎಷ್ಟೋ ದಿನ ಅವನು ಫೋನಿನ ಹತ್ತಿರ ಸುಳಿಯಲಿಲ್ಲ. ಮೀನಾಕ್ಷಮ್ಮ ಮಗಳ ಹತ್ತಿರ ಊಟ ಆಯ್ತಾ ಎಂದು ಕೇಳಿ ಮುಗಿಸುತ್ತಿದ್ದಳು.

ಆ ಹೆಂಗಸಿಗೆ ಹೇಳಿದಾಗ ಏನಾಯಿತು ಎನ್ನುವುದನ್ನು ಚೈತ್ರ ನನಗೆ ಹೇಳಿದಳು. ನರ್ಸರಿಯಮ್ಮ ಆಗಲೇ ಅವಳಿಗೆಂದು ಕೈಗವಸು ತೆಗೆದಿಟ್ಟಿದ್ದಳಂತೆ. ಇವಳ ಮಾತು ಕೇಳಿ, ಆಯಿತು ಎಂದು ಅದನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳಂತೆ. ಬಯ್ಯಲಿಲ್ಲ. ನಾಲ್ಕಾರು ದಿನ ಜಾಸ್ತಿ ಮಾತೂ ಆಡಲಿಲ್ಲ.

"ಬಯ್ದಿದ್ರೆ ವಾಸಿಯಾಗಿತ್ತು ದೊಡ್ಡವ್ವ" ಎಂದಳು ಚೈತ್ರ. "ಕಿಟಕಿ ಪರದೆ ಎಳ್ಕೊಂಡು ಕೂರ್ತೀನಿ. ಗಿಡ ಬಾಡೋದು ನೋಡಕ್ಕಾಗಲ್ಲ. ಕೈ ತುರಿಸ್ತದೆ."

"ಹಂಗಾರೆ ಇಡೀ ದಿನ ಏನು ಮಾಡ್ತೀಯವ್ವ?"

"ಲ್ಯಾಬುಗಳಿಗೆ ಅರ್ಜಿ ಹಾಕ್ತೀನಿ. ಓದ್ತೀನಿ. ಮತ್ತೆ ಅರ್ಜಿ ಹಾಕ್ತೀನಿ."

ಅವಳು ಹೇಳುವಷ್ಟು ಹೊತ್ತು ಕೇಳಿದೆ. ಮಾತಿನ ನಡುವೆ, "ನಮ್ಮ ಕ್ಲಾಸಲ್ಲಿ ಇಲ್ಲಿಯವರೇ ಆದ ಹುಡುಗೀರು ಇದ್ದಾರೆ. ಅವರಿಗೆ ಕಾರ್ಡ್ ಗೀರ್ಡ್ ಏನೂ ಬೇಕಿಲ್ಲ" ಎಂದಳು. ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆದಿರಬೇಕು. ಫೋನು ಇಟ್ಟಳು.

ಎರಡು ದಿನ ಅವರಿವರನ್ನು ಕೇಳಿ, ಆ ಹುಡುಗಿಯರಲ್ಲಿ ರಜೆಗೆಂದು ಸಂಬಳದ ಕೆಲಸ ಹುಡುಕುತ್ತಿದ್ದ ಇಬ್ಬರನ್ನು ನರ್ಸರಿಗೆ ಕಳಿಸಿಕೊಟ್ಟಳು. ನಾನು ಇದನ್ನು ಮೀನಾಕ್ಷಮ್ಮನಿಗೆ ಹೇಳುತ್ತಿದ್ದಾಗ ಲಕ್ಕಪ್ಪ ಸೌದೆ ಜೋಡಿಸುತ್ತಿದ್ದ. ಕೈ ನಿಲ್ಲಿಸಿ, "ಬದಲಿ ಆಳು ಕಳಿಸವಳಾ?" ಎಂದು ಕೇಳಿದ.

"ಕಳಿಸವಳೆ."

"ಹೂಂ" ಎಂದ. ಸೌದೆ ಜೋಡಿಸುವುದನ್ನು ಮುಂದುವರಿಸಿದ.

ನಮ್ಮಲ್ಲಿ ನಾಟಿ ಶುರುವಾಗುವ ಹೊತ್ತಿಗೆ ಅವಳ ಕಾರ್ಡು ಬಂತು. ಅದನ್ನು ಫೋನಿಗೆ ಹಿಡಿದು ತೋರಿಸಿದಳು. ಫೋಟೋದಲ್ಲಿ ಕಳ್ಳಿ ಹಂಗೆ ಕಾಣ್ತೀಯ ಎಂದು ದೇವೇಂದ್ರ ರೇಗಿಸಿದ. ಆದರೆ ಆ ತೊಂಬತ್ತು ದಿನದ ಎಣಿಕೆ ಈಗ ಶುರುವಾಗಿತ್ತು. ಯಾವ ಲ್ಯಾಬಿನಿಂದಲೂ ಕರೆ ಬಂದಿರಲಿಲ್ಲ. ಒಂದು ಕಡೆಯವರು ಮಾತಾಡಿಸಿ ಆಮೇಲೆ ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಇನ್ನೊಂದು ಕಡೆಯವರು ಒಂದೇ ವರ್ಷ ಇರುವವರು ಬೇಡ ಎಂದರು. ತೊಂಬತ್ತರಲ್ಲಿ ಅರ್ಧದಷ್ಟು ದಿನ ಕಳೆದು ಹೋಯಿತು. ಚೈತ್ರಳ ಮುಖ ಸಣ್ಣಗಾಗಿತ್ತು.

ಆಗ ನರ್ಸರಿಯಮ್ಮನೇ ಮುಂದೆ ಬಂದಳು. ಈಗ ಕಾರ್ಡು ಇದೆಯಲ್ಲ, ನನ್ನ ಹತ್ತಿರವೇ ಸಂಬಳಕ್ಕೆ ಸೇರಿಕೋ ಎಂದಳು. ಮೀನಾಕ್ಷಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಚೈತ್ರ ಮತ್ತೆ ಆಗಲ್ಲ ಎಂದಳು.

"ಈಗೇನೇ ನಿಂದು?" ಎಂದಳು ತಾಯಿ.

"ಅಲ್ಲಿರೋದು ಕುಂಡ ತುಂಬೋದು, ಬಿಲ್ ಹಾಕೋದು. ನಾ ಓದಿದ್ದು ರೋಗ. ಗಿಡ ಅಂದ್ರೆ ಎಲ್ಲಾ ಒಂದೇ ಅಂತ ಆಫೀಸಿಗೆ ಬರೆದು ಕೊಟ್ಬುಡಬೋದು. ಆದ್ರೆ ಅದು ಸುಳ್ಳು. ಅದೂ ಅಲ್ಲದೆ ಬಿಲ್ ಹಾಕೋದು ಕಲ್ತು ನಾನು ಆಲೂರಿಗೆ ಬಂದು ಏನು ಮಾಡ್ಲಿ?"

ಮುಂದಿನ ಭಾನುವಾರ ನರ್ಸರಿಯಮ್ಮ ಫೋನಿಗೆ ಬಂದು ಲಕ್ಕಪ್ಪನನ್ನೇ ಕೇಳಿದಳು. ಅವನು ಅವತ್ತು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ನೀವು ಹೇಳಿದರೆ ಕೇಳುತ್ತಾಳೆ, ಹೇಳಿ, ಎನ್ನುತ್ತಿದ್ದಾರೆ ಎಂದು ದೇವೇಂದ್ರ ತಿಳಿಸಿದ. ಚೈತ್ರ ಅವಳ ಪಕ್ಕದಲ್ಲೇ ಕೂತು ತಂದೆಯನ್ನು ನೋಡುತ್ತಿದ್ದಳು. ಅಷ್ಟು ದಿನಗಳ ಮೇಲೆ ಅಪ್ಪ ಮಗಳು ಎದುರುಬದುರಾಗಿದ್ದರು.

ಲಕ್ಕಪ್ಪ ಟವೆಲ್ಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಅವಳ ಕೆಲಸದ ವಿಷ್ಯ ಅವಳನ್ನೇ ಕೇಳಿ ಅಂತ ಹೇಳು. ನಾನು ಒಂದ್ಸಲ ಬಾಯಿ ಹಾಕಿದ್ದು ಸಾಕಾಗೈತೆ." ಆಮೇಲೆ, "ಗಿಡ ಚೆನ್ನಾಗವಾ ಅಂತಾನೂ ಕೇಳು" ಎಂದ.

ಚೈತ್ರ ತಲೆ ತಗ್ಗಿಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಫೋನಿನಲ್ಲಿ ಸರಿಯಾಗಿ ತಿಳಿಯಲಿಲ್ಲ.

ಎಣಿಕೆಯಲ್ಲಿ ಇನ್ನು ಕೆಲವೇ ದಿನ ಉಳಿದಿದ್ದಾಗ ದೂರದ ಇನ್ನೊಂದು ರಾಜ್ಯದ ಲ್ಯಾಬಿನವರು ಕರೆದರು. ರೈತರು ಕಳಿಸಿದ ಬೇರು, ಮಣ್ಣು ನೋಡಿ ರೋಗ ಹೇಳುವ ಲ್ಯಾಬು. ಕಾರ್ಡು ಬರುವ ಮೊದಲು ಎಲ್ಲಾದರೂ ಕೆಲಸ ಮಾಡಿದ್ದೀಯಾ ಎಂದು ಕೇಳಿದರಂತೆ. ಇಲ್ಲ ಎನ್ನಲು ಅವಳು ಯೋಚಿಸಬೇಕಾಗಿರಲಿಲ್ಲ. ಸೋಮವಾರವೇ ಬಾ ಎಂದರು. ನರ್ಸರಿಯಮ್ಮ ತನ್ನ ಗಾಡಿಯಲ್ಲೇ ಬಸ್ಸಿಗೆ ಬಿಟ್ಟು ಬಂದಳು. ದಾರಿಗೆ ಹಣ್ಣನ್ನೂ ಕಟ್ಟಿಕೊಟ್ಟಿದ್ದಳು.

ಆ ಮಂಗಳವಾರ ಮೀನಾಕ್ಷಮ್ಮ ಎಂದಿನ ಹಾಗೆ ದೀಪ ಹಚ್ಚಿ ಫೋನು ಮಾಡಿದಳು. ಚೈತ್ರ ಎತ್ತಿದಳು. ಬಿಳಿ ಕೋಟು ಹಾಕಿದ್ದಳು, ಕೈಯೆಲ್ಲ ಮಣ್ಣು.

"ಕೆಲಸದಲ್ಲಿದ್ದೀನಿ ಅವ್ವ. ಆಮೇಲೆ ಮಾಡ್ತೀನಿ."

ಅಷ್ಟೇ ಹೇಳಿ ಇಟ್ಟಳು. ಮೀನಾಕ್ಷಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನೋಡಿದ್ರಾ ಅಕ್ಕ, ಮುಖ ಕೂಡ ಸರಿಯಾಗಿ ತೋರಿಸ್ಲಿಲ್ಲ."

"ಕೆಲಸದ ಹೊತ್ತಲ್ಲಿ ಮಾಡಿದ್ರೆ ಇನ್ನೇನಾಗ್ತದೆ?" ಎಂದ ಲಕ್ಕಪ್ಪ. "ನಾಟಿ ಹಾಕೋವಾಗ ಯಾರಾದ್ರೂ ಬಂದು ಬದುವಲ್ಲಿ ನಿಂತು ಮಾತಾಡ್ಸಿದ್ರೆ ನೀನೇನಂತೀಯ?"

"ಬಯ್ತೀನಿ."

"ಮತ್ತೆ" ಎಂದ ಲಕ್ಕಪ್ಪ.