ರಾಡಣ್ಣನ ಗನ್ನು ಮುಟ್ಟಿದವನು

ರಾಡಣ್ಣನಿಗೆ ಹೊಟ್ಟೆಕಿಚ್ಚು ಇತ್ತು ಎಂಬುದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ, ಇಡೀ ವರ್ಕ್‌ಶಾಪಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದವನು ಒಬ್ಬನೇ, ಯಾರ ಮೇಲೆ ಆ ಕಿಚ್ಚೋ ಆ ಮಹಾನುಭಾವ: ರಾಡಣ್ಣನ ಷಡ್ಡಕ, ಅವನ ಹೆಂಡತಿಯ ತಂಗಿಯ ಗಂಡ.

ಆಸ್ಪತ್ರೆಯ ಮಂಚ, ರೋಗಿಗಳ ತಳ್ಳುಗಾಡಿ ತಯಾರಿಸುವ ಜಾಗ ಅದು. ರಾಡಣ್ಣ ಅಲ್ಲಿ ಇಪ್ಪತ್ತಾರು ವರ್ಷದಿಂದ ವೆಲ್ಡರ್. ರಾಡನ್ನು ಹೋಲ್ಡರಿಗೆ ಸಿಕ್ಕಿಸಿ, ಅದು ಕರಗಿ ಬೆರಳುದ್ದವಾಗುವ ತನಕ ಉಸಿರು ಬಿಗಿಹಿಡಿದು ಬೆಸುಗೆ ಎಳೆಯುವುದರಲ್ಲಿ ಅವನದು ಎತ್ತಿದ ಕೈ. ಅದಕ್ಕೇ ಆ ಹೆಸರು. ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಷಡ್ಡಕನನ್ನು ಕೆಲಸಕ್ಕೆ ಸೇರಿಸಿದ್ದೂ ರಾಡಣ್ಣನೇ. ತಂಗಿಯ ಗಂಡ ಕೆಲಸ ಬಿಟ್ಟು ಕೂತಿದ್ದಾನೆ ಎಂದು ಹೆಂಡತಿ ಮೂರು ತಿಂಗಳು ತಲೆ ತಿಂದಿದ್ದಕ್ಕೆ ವರ್ಕ್‌ಶಾಪಿನ ಯಜಮಾನಿಯ ಹತ್ತಿರ ಒಂದು ಮಾತು ಹೇಳಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ ಎಂದು ಅವನಿಗೆ ಹೊಳೆದದ್ದು ಯಜಮಾನಿ ಎರಡು ಮಿಗ್ ವೆಲ್ಡಿಂಗ್ ಮಿಷನ್ ತರಿಸಿದ ಮೇಲೆ. ಮಂಚದ ತೆಳು ಪೈಪಿಗೆ ರಾಡ್ ಒಗ್ಗುವುದಿಲ್ಲ, ತೂತು ಬೀಳುತ್ತದೆ. ಮಿಗ್‌ನಲ್ಲಿ ರಾಡೇ ಇಲ್ಲ. ಸುರುಳಿಯಿಂದ ಸಣ್ಣ ತಂತಿ ರಬ್ಬರ್ ಪೈಪಿನೊಳಗೆ ಹರಿದು ಕೈಯಲ್ಲಿರುವ ಗನ್ನಿನ ಬಾಯಿಂದ ಹೊರಗೆ ಬರುತ್ತದೆ, ಅದರ ಸುತ್ತ ಸಿಲಿಂಡರಿನ ಗ್ಯಾಸ್ ಬಂದು ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಷಡ್ಡಕ ಹಿಂದೆ ಕೆಲಸಕ್ಕಿದ್ದ ಕಡೆ ಅದನ್ನೇ ಮಾಡಿ ಬಂದವನು. ಅವನ ಬೆಸುಗೆಗೆ ಗ್ರೈಂಡರ್ ತಾಗಿಸುವ ಕೆಲಸವೇ ಇರುತ್ತಿರಲಿಲ್ಲ. ಬಂದವರಿಗೆಲ್ಲ ಯಜಮಾನಿ ಅದನ್ನು ಬೆರಳಿನಿಂದ ಸವರಿ ತೋರಿಸುತ್ತಿದ್ದಳು. ಆ ಸವರುವುದನ್ನು ಕಂಡರೆ ರಾಡಣ್ಣನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ತನ್ನ ಬೆಸುಗೆಯನ್ನು ಯಾರು ಸವರಿದ್ದರು?

ಹಾಗೆಂದು ರಾಡಣ್ಣ ಕೈಕಟ್ಟಿ ಕೂರಲಿಲ್ಲ. ಎರಡನೇ ಮಿಷನ್ ತನಗೇ ಬೇಕೆಂದು ಪಟ್ಟು ಹಿಡಿದು ತೆಗೆದುಕೊಂಡ. ಕಲಿಸು ಎಂದು ಷಡ್ಡಕನನ್ನು ಮಾತ್ರ ಕೇಳಲಿಲ್ಲ, ಕೇಳುವ ಜಾಯಮಾನವೂ ಅವನದಲ್ಲ. ಮೊದಲ ವಾರ ಬೆಸುಗೆ ಕೆಟ್ಟಾಕೊಳಕಾಗಿ ಬಂತು. ಎರಡನೇ ವಾರದಿಂದ ಬೆಳಿಗ್ಗೆಯ ಹೊತ್ತಿನಲ್ಲಿ ಚೆಂದ ಬರತೊಡಗಿತು, ಮಧ್ಯಾಹ್ನ ದಾಟಿದರೆ ಮತ್ತೆ ಕಿಡಿ ಸಿಡಿದು ಕಾಳುಕಾಳಾಗುತ್ತಿತ್ತು. ಅದಕ್ಕೆ ರಾಡಣ್ಣ ಒಂದು ಸಿದ್ಧಾಂತ ಮಾಡಿಕೊಂಡ. ಮಿಷನ್ನೂ ಮನುಷ್ಯರ ಹಾಗೇ, ದುಡಿದು ಸುಸ್ತಾಗುತ್ತದೆ, ರಾತ್ರಿ ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತದೆ. ಸಂಜೆ ಬೆಸುಗೆ ಕೆಟ್ಟಾಗ ಗ್ಯಾಸಿನ ತಿರುಪು ಪೂರ್ತಿ ತೆರೆಯುತ್ತಿದ್ದ. ಮನೆಗೆ ಹೊರಡುವಾಗ ಗನ್ನಿನ ಪೈಪನ್ನು ರಾಡ್ ವೆಲ್ಡಿಂಗಿನ ಕೇಬಲ್ ಸುತ್ತಿದಂತೆ ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕುತ್ತಿದ್ದ. ಬೆಳಿಗ್ಗೆ ಬಂದರೆ ಎಲ್ಲ ಸರಿ. ಸಿದ್ಧಾಂತ ನಿಜವಾಯಿತಲ್ಲ ಎಂದು ಮೀಸೆ ತಿರುವಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಹಿತ್ತಲಿನ ಕಡೆ ಹೊಸ ಶೆಡ್ಡು ಎದ್ದಿತು. ಅದಕ್ಕೊಬ್ಬ ಮೇಸ್ತ್ರಿ ಬೇಕು, ಇಬ್ಬರಲ್ಲಿ ಒಬ್ಬ ಆಗುತ್ತಾನೆ ಎಂದು ಯಜಮಾನಿ ಹೇಳಿದಳು. ಗುರುವಾರ ಆಸ್ಪತ್ರೆಯ ಎಂಜಿನಿಯರ್ ಬರುತ್ತಾರೆ, ಇಬ್ಬರ ಬೆಸುಗೆಯನ್ನೂ ನೋಡಿ ಹೇಳುತ್ತಾರೆ. ಆ ಮೇಸ್ತ್ರಿ ಪದವಿಗಾಗಿ ರಾಡಣ್ಣ ಎಷ್ಟು ವರ್ಷ ಕಾದಿದ್ದ ಎಂದರೆ, ಆಸೆ ಇದೆ ಎಂದು ಬಾಯಿಬಿಟ್ಟು ಹೇಳುವುದಕ್ಕೂ ಅವನಿಗೆ ನಾಚಿಕೆಯಾಗುತ್ತಿತ್ತು. ಆ ವಾರ ಅವನಿಗೆ ಊಟ ಸೇರಲಿಲ್ಲ.

ಸೋಮವಾರ ಬೇಗ ಬಂದ. ಬಂದು ನೋಡಿದರೆ, ತನ್ನ ಮಿಷನ್ನಿನ ಮುಂದೆ ಷಡ್ಡಕ ಕುಕ್ಕರಗಾಲಲ್ಲಿ ಕೂತಿದ್ದಾನೆ. ಗನ್ನಿನ ಬಾಯಿ ಬಿಚ್ಚಿಟ್ಟಿದೆ, ಕೈಯಲ್ಲಿ ಇಕ್ಕಳ. ಷಡ್ಡಕ ತಡಬಡಾಯಿಸಿ ಎದ್ದು, ಸುಮ್ಮನೆ ನೋಡುತ್ತಿದ್ದೆ ಎಂದ. ರಾಡಣ್ಣ ಗ್ಯಾಸಿನ ಮೀಟರ್ ನೋಡಿದ, ತಿರುಪು ತಾನು ಬಿಟ್ಟುಹೋದಲ್ಲಿ ಇರಲಿಲ್ಲ. ಬಿಗಿಯಾಗಿ ಸುತ್ತಿದ್ದ ಪೈಪು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು, ಅಥವಾ ಆಯಿತು ಎಂದುಕೊಂಡ. ಮಧ್ಯಾಹ್ನದ ಮೇಲೆ ಬೆಸುಗೆ ಯಾಕೆ ಕೆಡುತ್ತದೆ, ಇಷ್ಟು ದಿನ ತನಗೆ ಅಡ್ಡಗಾಲು ಹಾಕುತ್ತಿದ್ದವರು ಯಾರು, ಎಲ್ಲ. ನೇರ ಯಜಮಾನಿಯ ಕೋಣೆಗೆ ಹೋಗಿ, ಯಾರೋ ತನ್ನ ಮಿಷನ್ ಕೆಡಿಸುತ್ತಿದ್ದಾರೆ, ಮನೆಯವರೇ ಆದ್ದರಿಂದ ಹೆಸರು ಹೇಳುವುದಿಲ್ಲ ಎಂದ. ಹೆಸರು ಹೇಳುವುದಕ್ಕೆ ಇನ್ನೇನು ಉಳಿದಿತ್ತು? ಹತ್ತು ಗಂಟೆಯೊಳಗೆ ಯಜಮಾನಿ ಎಲ್ಲರನ್ನೂ ನಿಲ್ಲಿಸಿ, ಒಬ್ಬರ ಮಿಷನ್ ಇನ್ನೊಬ್ಬರು ಮುಟ್ಟಬಾರದು ಎಂದು ಅಪ್ಪಣೆ ಮಾಡಿದಳು. ಷಡ್ಡಕ ತಲೆ ತಗ್ಗಿಸಿ ಕೇಳಿಸಿಕೊಂಡ. ಆ ಸಂಜೆ ರಾಡಣ್ಣ ಎರಡು ತುತ್ತು ಹೆಚ್ಚೇ ಉಂಡ.

ಮಂಗಳವಾರ ಬೆಳಿಗ್ಗೆಯೇ ಗನ್ನು ಪಟಪಟ ಎನ್ನತೊಡಗಿತು. ತಂತಿ ಬಂದಷ್ಟು ಬಂದು ನಿಲ್ಲುತ್ತಿತ್ತು, ಮತ್ತೆ ಒಮ್ಮೆಲೇ ನುಗ್ಗುತ್ತಿತ್ತು. ಬೆಸುಗೆಯ ಮೇಲೆ ಸೂಜಿ ಚುಚ್ಚಿದಂತೆ ಸಣ್ಣ ತೂತುಗಳು. ಗ್ಯಾಸ್ ಇನ್ನೂ ಹೆಚ್ಚಿಸಿದ, ತೂತೂ ಹೆಚ್ಚಿತು. ಬುಧವಾರ ಸಿಲಿಂಡರನ್ನೇ ಬದಲಾಯಿಸಿ, ತಂತಿ ಮಾಡಿದ ಕಂಪನಿಗೆ ಶಾಪ ಹಾಕಿ, ಮಿಷನ್ನಿಗೆ ಒಂದು ಒದೆಯನ್ನೂ ಕೊಟ್ಟ. ಆಚೆ ಬದಿಯಲ್ಲಿ ಷಡ್ಡಕನ ಗನ್ನು ಒಂದೇ ಸಮನೆ ಸುಂಯ್ ಎನ್ನುತ್ತಿತ್ತು.

ಸಂಜೆ ಹೆಂಡತಿಯ ಮುಂದೆ ಷಡ್ಡಕನನ್ನು ಬಾಯಿಗೆ ಬಂದಂತೆ ಬೈದ. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನಿಂತಳು.

"ನಿಮ್ಮ ಗನ್ನು ಕ್ಲೀನ್ ಮಾಡೋಕೇ ಅವ್ರು ದಿನಾ ಅರ್ಧ ಗಂಟೆ ಮುಂಚೆ ಹೋಗ್ತಿದ್ರು. ತಂಗಿ ನನ್ಹತ್ರ ಹೇಳಿ ಎಷ್ಟೋ ದಿನ ಆಯ್ತು. ಅಣ್ಣಂಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ ಅಂದಿದ್ರಂತೆ."

ಇಂಥ ಮಾತು ಕೇಳಿ ಮನುಷ್ಯನಿಗೆ ನಾಚಿಕೆಯಾಗಬೇಕು. ರಾಡಣ್ಣನಿಗೂ ಆಯಿತು, ಇಲ್ಲವೆನ್ನುವಂತಿಲ್ಲ. ಆದರೆ ಅದರ ಹಿಂದೆಯೇ ಹೊಟ್ಟೆಕಿಚ್ಚು ಮೊದಲಿಗಿಂತ ಜೋರಾಗಿ ಎದ್ದಿತು. ಬೆಳಗಿನ ಹೊತ್ತು ಬರುತ್ತಿದ್ದ ಆ ಚೆಂದದ ಬೆಸುಗೆ ಒಂದಾದರೂ ತನ್ನದು ಎಂದುಕೊಂಡಿದ್ದ. ಅದೂ ಷಡ್ಡಕನದೇ.

ಗುರುವಾರ ಎಲ್ಲರಿಗಿಂತ ಮೊದಲು ಹೋದ. ಷಡ್ಡಕ ಬಂದಾಗ, ಸ್ವಲ್ಪ ಬಂದು ನೋಡು ಎಂದ. ಆ ಮೂರು ಶಬ್ದಕ್ಕೆ ಅವನಿಗೆ ಬೆವರು ಬಂತು. ಷಡ್ಡಕ ಬಂದ, ಆದರೆ ಎರಡು ಹೆಜ್ಜೆ ಆಚೆಯೇ ನಿಂತ.

"ನಾನು ಮುಟ್ಟೋ ಹಾಗಿಲ್ವಲ್ಲ ಅಣ್ಣ. ಹೇಳ್ತೀನಿ, ನೀವೇ ಮಾಡಿ."

ಆ ದನಿಯಲ್ಲಿ ಕುಹಕ ಇದೆಯೇ ಎಂದು ರಾಡಣ್ಣ ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ಷಡ್ಡಕ ಹೇಳಿದಂತೆ ಗನ್ನಿನ ಬಾಯಿ ಬಿಚ್ಚಿದ. ಒಳಗೆಲ್ಲ ಸಿಡಿದ ಕಬ್ಬಿಣ ಅಂಟಿ ಗ್ಯಾಸಿನ ದಾರಿ ಮುಚ್ಚಿತ್ತು, ಇಕ್ಕಳದಿಂದ ಕೆರೆದ. ತಂತಿ ಹೊರಬರುವ ತಾಮ್ರದ ಟಿಪ್ಪಿನ ತೂತು ಸವೆದು ಅಗಲವಾಗಿತ್ತು, ತಂತಿಯ ಅಳತೆಯದೇ ಹೊಸ ಟಿಪ್ಪು ಹಾಕಿದ. ಪೈಪನ್ನು ಬಿಗಿ ಸುತ್ತಿದರೆ ಒಳಗೆ ತಂತಿ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ಬಿಡಬೇಕು. ತಂತಿಯನ್ನು ತಳ್ಳುವ ರೋಲರನ್ನು ಹೆಚ್ಚು ಬಿಗಿ ಮಾಡಿದರೆ ತಂತಿ ಚಪ್ಪಟೆಯಾಗುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಕೊನೆಗೆ ಗ್ಯಾಸು. ಅರ್ಧಕ್ಕಿಂತ ಕಡಿಮೆ ಮಾಡಿ ಎಂದ ಷಡ್ಡಕ. ಜಾಸ್ತಿ ಬಿಟ್ಟರೆ ಅದು ಸುಳಿ ತಿರುಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದಂತೆ. ಇಷ್ಟು ದಿನವೂ ಒಳ್ಳೆಯದಾಗಲಿ ಎಂದು ತಿರುಪು ತೆರೆದು ತಾನೇ ತೂತು ಮಾಡಿಕೊಂಡಿದ್ದ. ತಂತಿಯ ತುದಿ ಕತ್ತರಿಸಿ, ಬೆರಳಗಲ ಹೊರಗೆ ಬಿಟ್ಟು, ರದ್ದಿ ಕಬ್ಬಿಣದ ತುಂಡಿನ ಮೇಲೆ ಎಳೆದ. ಸುಂಯ್ ಎಂದಿತು, ನಿಲ್ಲದೆ.

ಎಂಜಿನಿಯರ್ ಹನ್ನೊಂದಕ್ಕೆ ಬಂದರು. ಎರಡು ಬೆಸುಗೆಯನ್ನೂ ಸವರಿದರು. ಹೌದು, ರಾಡಣ್ಣನದನ್ನೂ. ಎರಡರಲ್ಲಿ ಹೆಚ್ಚುಕಡಿಮೆ ಕಾಣುತ್ತಿಲ್ಲ ಎಂದರು. ಬೆಸುಗೆ ಎಳೆಯುವವರು ಬೇಕಾದಷ್ಟು ಸಿಗುತ್ತಾರೆ, ಮೇಸ್ತ್ರಿಗೆ ಬೇಕಾದದ್ದು ಮಿಷನ್ ಹದ ಮಾಡುವ ಬುದ್ಧಿ ಎಂದು ರಾಡಣ್ಣನ ಕಡೆ ತಿರುಗಿ, ಇದನ್ನು ಹದ ಮಾಡಿದ್ದು ಯಾರು ಎಂದು ಕೇಳಿದರು.

ಷಡ್ಡಕ ಪಕ್ಕದಲ್ಲೇ ನಿಂತಿದ್ದ. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು.

"ನಾನೇ," ಎಂದ ರಾಡಣ್ಣ.

ಕೈ ತನ್ನದೇ ತಾನೆ, ಸುಳ್ಳೇನಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡ. ಯಜಮಾನಿ ಷಡ್ಡಕನ ಮುಖ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಇಪ್ಪತ್ತಾರು ವರ್ಷದ ಹಿರಿತನವೂ ಸೇರಿ, ಊಟದ ಹೊತ್ತಿಗೆ ರಾಡಣ್ಣ ಹೊಸ ಶೆಡ್ಡಿನ ಮೇಸ್ತ್ರಿಯಾದ. ಎಲ್ಲರೂ ಕೈ ಕುಲುಕಿದರು, ಷಡ್ಡಕ ಎರಡೂ ಕೈಯಲ್ಲಿ ಕುಲುಕಿದ.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡ. ಷಡ್ಡಕ ಸಂಜೆಯೊಳಗೆ ತನ್ನ ಹೆಂಡತಿಯ ಮುಂದೆ ಹೇಳಿಯೇ ಇರುತ್ತಾನೆ, ಅಕ್ಕ ತಂಗಿ ಸೇರಿ ತನ್ನನ್ನು ಹರಿದು ಹಾಕುತ್ತಾರೆ, ಹಾಕಲಿ. ಕೊನೆಗೂ ಆ ದೇವರಂಥ ಮನುಷ್ಯ ತನ್ನ ಮೇಲೆ ಒಂದು ಕೆಟ್ಟ ಮಾತು ಆಡಿದನಲ್ಲ ಎಂದು ಹೇಳಲಾದರೂ ಆಗುತ್ತದೆ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ತಂಗಿ ಫೋನ್ ಮಾಡಿದ್ಲು," ಎಂದಳು. "ಸೆಟ್ ಮಾಡೋಕೆ ಕಲಿಸಿದ್ದು ಇವ್ನೇ ಅಂತ ನೀವು ಎಲ್ರ ಮುಂದೆ ಹೇಳಿದ್ರಂತೆ. ಬೇಡ ಅಣ್ಣ, ನೀವೇ ದೊಡ್ಡೋರು ಅಂತ ಅವ್ರೇ ಮೇಸ್ತ್ರಿಗಿರಿ ಬಿಟ್ಕೊಟ್ರಂತೆ. ನಿಮ್ಮ ಬಾಯಲ್ಲಿ ಅಂಥ ಮಾತು ಬರುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ನೋಡಿ."

ಹಾಗೆ ಹೇಳಿ ಅವಳು ಗಂಡನ ಮುಖವನ್ನೇ ನೋಡಿದಳು. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಹಾಗೆ ನೋಡಿದ್ದಳು, ಆಮೇಲೆ ಇಲ್ಲ. ಆ ನೋಟಕ್ಕಾಗಿ ಹತ್ತು ಮೇಸ್ತ್ರಿಗಿರಿ ಬಿಟ್ಟುಕೊಡಬಹುದಿತ್ತು ಎಂದು ರಾಡಣ್ಣನಿಗೆ ಅನಿಸಿತು. ಅದನ್ನೂ ಷಡ್ಡಕನೇ ಮಾಡಿಕೊಟ್ಟಿದ್ದ.

ನಿಜ ಹೇಳಿದರೆ ನೋಟ ಹೋಗುತ್ತದೆ. ರಾಡಣ್ಣ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದ. ಬರುವವರೆಗೂ ಅವಳು ಹಾಗೇ ನೋಡುತ್ತಿದ್ದಳು.

"ಹೌದು, ಹೇಳ್ದೆ," ಎಂದ.